ವಿದೇಶದಲ್ಲಿ ಸಿಮ್, ಡೇಟಾ: ನಮ್ಮ ಊರಿನವರ ಪ್ರಶ್ನೆ, ಅಂಗಡಿಯವರ ಉತ್ತರ

ಗುಂಪಿನಲ್ಲಿ ಬಂದ ಪ್ರಶ್ನೆಗಳಿಗೆ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಮೊಬೈಲ್ ಮತ್ತು ಸಿಮ್ ಅಂಗಡಿ ನಡೆಸುವ ನಮ್ಮ ಸದಸ್ಯರೊಬ್ಬರು ಉತ್ತರ ಕೊಟ್ಟಿದ್ದಾರೆ.

ಪ್ರಶ್ನೆ (ತೀರ್ಥಹಳ್ಳಿ ಹತ್ತಿರದಿಂದ): ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟಿದ್ದೇವೆ. ಆರು ತಿಂಗಳು ಅಲ್ಲೇ. ನಮ್ಮ ಮನೆ ಇರುವಲ್ಲಿ ಬಿಎಸ್‌ಎನ್‌ಎಲ್ ಬಿಟ್ಟು ಬೇರೆ ಸಿಗ್ನಲ್ ಇಲ್ಲ. ಅಡಿಕೆ ದುಡ್ಡು ಬರುವ ಬ್ಯಾಂಕ್ ಖಾತೆಗೂ ಅದೇ ನಂಬರ್ ಕೊಟ್ಟಿದ್ದೇವೆ. ಅಲ್ಲಿ ಹೋಗಿ ಹೊಸ ಸಿಮ್ ಹಾಕಿದರೆ ಇಲ್ಲಿಯದು ಸತ್ತು ಹೋಗುತ್ತದಾ?

ಉತ್ತರ: ಅಂಗಡಿಗೆ ಬರುವ ಹಿರಿಯರಲ್ಲಿ ಹೆಚ್ಚಿನವರ ಆತಂಕ ಇದೇ. ಹಾಗಾಗಿ ಇದಕ್ಕೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಒಂದು ವಿಷಯ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ನಿಮಗೆ ಬೇಕಾದದ್ದು ಎರಡು. ಬ್ಯಾಂಕ್ ಓಟಿಪಿ ಬರಲು ಭಾರತದ ನಂಬರ್ ಜೀವಂತ ಇರಬೇಕು. ಮ್ಯಾಪ್, ವಾಟ್ಸಾಪ್, ವಿಡಿಯೊ ಕರೆಗೆ ಡೇಟಾ ಬೇಕು. ಈ ಎರಡನ್ನೂ ಒಂದೇ ಸಿಮ್‌ನಿಂದ ಮಾಡಿಸಲು ಹೋದಾಗಲೇ ಜಾಸ್ತಿ ದುಡ್ಡು ಹೋಗುವುದು. ಭಾರತದ ಸಿಮ್ ಫೋನಿನಲ್ಲೇ ಇರಲಿ, ಅದರಲ್ಲಿ ಡೇಟಾ ಮಾತ್ರ ಬೇಡ. ಡೇಟಾಕ್ಕೆ ಅಲ್ಲಿಯ ಸಿಮ್ ತೆಗೆದುಕೊಳ್ಳಿ. ಈಗಿನ ಫೋನ್‌ಗಳಲ್ಲಿ ಎರಡು ಸಿಮ್‌ಗೆ ಜಾಗ ಇದ್ದೇ ಇರುತ್ತದೆ ಅಲ್ವಾ.

ಇನ್ನು ಸಿಮ್ ಸಾಯುವ ವಿಷಯ. ದೂರಸಂಪರ್ಕ ಕಂಪನಿಗಳನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಟ್ರಾಯ್‌ನ ನಿಯಮದ ಪ್ರಕಾರ ಪ್ರಿಪೇಡ್ ಸಿಮ್‌ನಲ್ಲಿ 90 ದಿನ ಯಾವ ಬಳಕೆಯೂ ಇಲ್ಲದಿದ್ದರೆ ಕಂಪನಿ ಅದನ್ನು ರದ್ದು ಮಾಡಬಹುದು. ಖಾತೆಯಲ್ಲಿ 20 ರೂಪಾಯಿ ಇದ್ದರೆ ಅದನ್ನು ಕಡಿದುಕೊಂಡು ಇನ್ನೂ 30 ದಿನ ಉಳಿಸುತ್ತಾರೆ. ಆದರೆ ಅದನ್ನೇ ನಂಬಿ ಕೂರಬೇಡಿ. ಪ್ಲಾನ್ ಅವಧಿ ಮುಗಿದರೆ ಮೊದಲು ಹೋಗುವ ಕರೆ ನಿಲ್ಲುತ್ತದೆ, ಆಮೇಲೆ ಬರುವುದೂ ನಿಲ್ಲುತ್ತದೆ. ಓಟಿಪಿಗೆ ಅಷ್ಟು ಸಾಕು, ಕೆಲಸ ಕೆಟ್ಟಿತು. ಹೊರಡುವ ಮೊದಲೇ ದೊಡ್ಡ ಅವಧಿಯ ರೀಚಾರ್ಜ್ ಹಾಕಿಸಿ. 2024ರ ಡಿಸೆಂಬರ್‌ನಲ್ಲಿ ಟ್ರಾಯ್ ಹೊಸ ನಿಯಮ ತಂದಿತು. ಡೇಟಾ ಇಲ್ಲದ, ಬರೀ ಕರೆ ಮತ್ತು ಎಸ್‌ಎಂಎಸ್ ಇರುವ ಪ್ಲಾನ್‌ಗಳನ್ನು ಕಂಪನಿಗಳು ಕೊಡಲೇಬೇಕು, ಅವುಗಳ ಅವಧಿ 365 ದಿನದವರೆಗೂ ಇರಬಹುದು. ಆರು ತಿಂಗಳು ಹೊರಗಿರುವವರಿಗೆ ಇಲ್ಲಿಯ ಡೇಟಾ ಯಾಕೆ ಬೇಕು? ಅಂಥ ಪ್ಲಾನ್ ಇದೆಯಾ ಎಂದು ಕೇಳಿಯೇ ರೀಚಾರ್ಜ್ ಮಾಡಿಸಿ. ನಾವು ಅಂಗಡಿಯವರು ಎಷ್ಟೋ ಸಲ ಅದನ್ನು ಮೊದಲು ತೋರಿಸುವುದಿಲ್ಲ, ನೀವೇ ಕೇಳಬೇಕು.

ಮುಂದಿನದು ನಿಮ್ಮ ಬಿಎಸ್‌ಎನ್‌ಎಲ್ ಪ್ರಶ್ನೆ. ಅಂತರರಾಷ್ಟ್ರೀಯ ರೋಮಿಂಗ್, ಅಂದರೆ ಇಲ್ಲಿಯ ಸಿಮ್ ವಿದೇಶದ ನೆಟ್‌ವರ್ಕ್‌ನಲ್ಲೂ ನಡೆಯುವ ಸೌಲಭ್ಯ, ಸುಮ್ನೆ ತಾನಾಗಿ ಬರುತ್ತದೆ ಎಂದುಕೊಳ್ಳಬೇಡಿ. ಅದನ್ನು ಚಾಲೂ ಮಾಡಿಸಬೇಕು. ಗ್ರಾಹಕ ಸೇವಾ ಕೇಂದ್ರಕ್ಕೆ ಹೋಗಿ ಎರಡು ವಿಷಯ ಕೇಳಿ: ಅಮೆರಿಕದಲ್ಲಿ ಯಾವ ಕಂಪನಿಯ ಜೊತೆ ಒಪ್ಪಂದ ಇದೆ, ನನ್ನದು ಪ್ರಿಪೇಡ್ ಆದರೆ ಅಲ್ಲಿ ಎಸ್‌ಎಂಎಸ್ ಬರುತ್ತದಾ. ಉತ್ತರ ಸ್ಪಷ್ಟವಾಗಿ ಸಿಗದಿದ್ದರೆ ಬೇರೆ ದಾರಿ ಹಿಡಿಯಿರಿ. ಬೇರೆ ಕಂಪನಿಗೆ ಪೋರ್ಟ್ ಮಾಡಿಸಿ ಎಂದು ಪೇಟೆಯವರು ಹೇಳುತ್ತಾರೆ. ನಾನು ಹೇಳುವುದಿಲ್ಲ. ವಾಪಸ್ ಬಂದ ಮೇಲೆ ಮನೆಯಲ್ಲಿ ಸಿಗ್ನಲ್ಲೇ ಇಲ್ಲದ ನಂಬರ್ ಇಟ್ಟುಕೊಂಡು ಏನು ಮಾಡುತ್ತೀರಿ? ಅದರ ಬದಲು ರೋಮಿಂಗ್ ಚೆನ್ನಾಗಿರುವ ಕಂಪನಿಯ ಇನ್ನೊಂದು ಸಿಮ್ ತೆಗೆದುಕೊಂಡು, ಬ್ಯಾಂಕ್ ಶಾಖೆಗೆ ಹೋಗಿ ಆ ನಂಬರ್ ನೋಂದಾಯಿಸಿ. ಬಂದ ಮೇಲೆ ಮತ್ತೆ ಬದಲಿಸಬಹುದು. ಇದಕ್ಕೆ ಸಹಿ, ದಾಖಲೆ, ಕೆಲವು ದಿನ ಬೇಕು. ಪ್ರಯಾಣದ ವಾರದಲ್ಲಿ ಬ್ಯಾಂಕಿಗೆ ಓಡಬೇಡಿ.

ರೋಮಿಂಗ್‌ನಲ್ಲಿ ಬರುವ ಎಸ್‌ಎಂಎಸ್‌ಗೆ ನಮ್ಮ ದೊಡ್ಡ ಕಂಪನಿಗಳು ಸಾಮಾನ್ಯವಾಗಿ ದುಡ್ಡು ಹಾಕುವುದಿಲ್ಲ. ಬರುವ ಕರೆ ಎತ್ತಿದರೆ ಮಾತ್ರ ನಿಮಿಷಕ್ಕೆ ಇಷ್ಟು ಎಂದು ಹೋಗುತ್ತದೆ. ಹಾಗಾಗಿ ನೆಂಟರಿಗೆಲ್ಲ ಹೇಳಿಬಿಡಿ, ವಾಟ್ಸಾಪ್‌ನಲ್ಲೇ ಮಾಡಿ ಎಂದು.

ಅದೇ ಸದಸ್ಯೆ: ವಾಟ್ಸಾಪ್ ನಂಬರ್ ಬದಲಾಗುತ್ತದಾ? ಇನ್ನೊಂದು, ನಮ್ಮ ಯಜಮಾನರ ಫೋನ್ ತುಂಬಾ ಹಳೆಯದು.

ಉತ್ತರ: ವಾಟ್ಸಾಪ್ ಬದಲಾಗುವುದಿಲ್ಲ. ಹೊಸ ಸಿಮ್ ಹಾಕಿದಾಗ ನಂಬರ್ ಬದಲಿಸಬೇಕಾ ಎಂದು ಕೇಳಿದರೆ ಬೇಡ ಎಂದು ಒತ್ತಿ.

ಹಳೆಯ ಫೋನ್ ವಿಷಯ ಮಾತ್ರ ಗಂಭೀರ. ಅಮೆರಿಕದ ಮೂರು ದೊಡ್ಡ ಕಂಪನಿಗಳಾದ ಎಟಿ ಅಂಡ್ ಟಿ, ಟಿ-ಮೊಬೈಲ್, ವೆರೈಝನ್ 2022ರಲ್ಲಿ 3ಜಿ ಮುಚ್ಚಿದವು. ಅಲ್ಲಿ ಈಗ ಕರೆ ಹೋಗಬೇಕಾದರೆ ಫೋನಿನಲ್ಲಿ ವೋಲ್ಟಿ, ಅಂದರೆ 4ಜಿ ಮೂಲಕವೇ ಕರೆ ಮಾಡುವ ಸೌಲಭ್ಯ ಇರಬೇಕು, ಅದೂ ಆ ಕಂಪನಿ ಒಪ್ಪುವ ವೋಲ್ಟಿ. ಎಟಿ ಅಂಡ್ ಟಿಯವರು ತಮ್ಮ ಪಟ್ಟಿಯಲ್ಲಿ ಇಲ್ಲದ ಮಾಡೆಲ್ ಸೇರಿಸಿಕೊಳ್ಳುವುದಿಲ್ಲ. ಫೋನಿನಲ್ಲಿ *#06# ಒತ್ತಿ. 15 ಅಂಕಿಯ ಐಎಂಇಐ ನಂಬರ್ ಬರುತ್ತದೆ. ಅದನ್ನು ಮಗಳಿಗೆ ಕಳಿಸಿ. ಅವರು ತಮ್ಮ ಕಂಪನಿಯ ಜಾಲತಾಣದಲ್ಲಿ ಹಾಕಿ ನೋಡಿದರೆ ನಡೆಯುತ್ತದಾ ಇಲ್ಲವಾ ಗೊತ್ತಾಗುತ್ತದೆ. ಮಗಳ ಪ್ಲಾನಿಗೇ ನಿಮ್ಮದೊಂದು ಲೈನ್ ಸೇರಿಸುವುದು ಆರು ತಿಂಗಳಿಗೆ ಒಳ್ಳೆಯ ದಾರಿ. ವಿಮಾನ ನಿಲ್ದಾಣದ ಅಂಗಡಿಯಲ್ಲಿ ಸಿಮ್ ಕೊಳ್ಳಬೇಡಿ, ದುಬಾರಿ.

ಪ್ರಶ್ನೆ (ಶಿವಮೊಗ್ಗ, ಗೋಪಾಳದಿಂದ): ಎಂಎಸ್ ಓದಲು ಜರ್ಮನಿಗೆ ಹೊರಟಿದ್ದೇನೆ. ಇ-ಸಿಮ್ (ಫೋನಿನ ಒಳಗೇ ಇರುವ, ಬೇರೆ ಚಿಪ್ ಹಾಕಬೇಕಿಲ್ಲದ ಸಿಮ್) ಒಳ್ಳೆಯದು ಎನ್ನುತ್ತಾರೆ. ಈಗಿನ ಸಿಮ್ ಅನ್ನೇ ಇ-ಸಿಮ್ ಮಾಡಿಸಲಾ? ಹೊರಡುವುದು ನಾಡಿದ್ದು.

ಉತ್ತರ: ನಾಡಿದ್ದು ಹೊರಡುವುದಾದರೆ ಇವತ್ತೇ ಮಾಡಿಸಿ, ಇಲ್ಲದಿದ್ದರೆ ಮುಟ್ಟಲೇಬೇಡಿ. ಕಾರಣ ಇದೆ. ಸಿಮ್ ಬದಲಿಸಿದ ಮೇಲೆ, ಇ-ಸಿಮ್‌ಗೆ ಹೋದರೂ ಸರಿ, 24 ಗಂಟೆ ಆ ನಂಬರಿಗೆ ಎಸ್‌ಎಂಎಸ್ ಬರುವುದಿಲ್ಲ, ಹೋಗುವುದಿಲ್ಲ. ವಂಚಕರು ಸಿಮ್ ಕದ್ದು ಬ್ಯಾಂಕ್ ಖಾತೆ ಖಾಲಿ ಮಾಡುವುದನ್ನು ತಡೆಯಲು ದೂರಸಂಪರ್ಕ ಇಲಾಖೆ 2022ರಲ್ಲಿ ಈ ತಡೆ ತಂದಿತು. ಒಳ್ಳೆಯ ನಿಯಮ. ಆದರೆ ಹೊರಡುವ ದಿನ ಫಾರೆಕ್ಸ್ ಕಾರ್ಡಿಗೆ ಹಣ ಹಾಕಬೇಕು, ಓಟಿಪಿ ಬರುತ್ತಿಲ್ಲ ಎಂದರೆ ಯಾರೂ ಏನೂ ಮಾಡಲಾಗದು. ಯುಪಿಐ ಆ್ಯಪ್‌ಗಳೂ ಮತ್ತೆ ನೋಂದಣಿ ಕೇಳುತ್ತವೆ. ಅದಕ್ಕೂ ಎಸ್‌ಎಂಎಸ್ ಬೇಕು.

ಫೋನಿಗೆ ಇ-ಸಿಮ್ ನಡೆಯುತ್ತದಾ ಎಂದು ನೋಡಲೂ ಅದೇ *#06#. ಇಐಡಿ ಎಂಬ ಉದ್ದದ ನಂಬರ್ ಕಂಡರೆ ನಡೆಯುತ್ತದೆ. ಐಫೋನ್‌ನಲ್ಲಿ 2018ರ ಎಕ್ಸ್‌ಎಸ್, ಎಕ್ಸ್‌ಆರ್ ಮಾಡೆಲ್‌ನಿಂದ ಈಚೆಗೆ ಇದೆ.

ಜರ್ಮನಿಯಲ್ಲಿ ಇಳಿದ ಮೇಲೆ ಅಲ್ಲಿಯ ಪ್ರಿಪೇಡ್ ಸಿಮ್ ತೆಗೆದುಕೊಳ್ಳಿ. 2017ರಿಂದ ಅಲ್ಲಿ ಗುರುತಿನ ದಾಖಲೆ ತೋರಿಸದೆ ಸಿಮ್ ಚಾಲೂ ಆಗುವುದಿಲ್ಲ. ಪಾಸ್‌ಪೋರ್ಟ್ ಮತ್ತು ಅಲ್ಲಿಯ ವಿಳಾಸ ಕೈಯಲ್ಲಿ ಇರಲಿ. ಸೂಪರ್ ಮಾರ್ಕೆಟ್‌ಗಳ ಸಿಮ್, ಉದಾಹರಣೆಗೆ ಆಲ್ಡಿ ಟಾಕ್, ವಿದ್ಯಾರ್ಥಿಗಳಿಗೆ ಸರಿಹೋಗುತ್ತದೆ. 2017ರ ಜೂನ್ 15ರಿಂದ ಐರೋಪ್ಯ ಒಕ್ಕೂಟದ ದೇಶಗಳ ನಡುವೆ ರೋಮಿಂಗ್ ಶುಲ್ಕ ಇಲ್ಲ. ಜರ್ಮನಿಯ ಸಿಮ್ ಹಿಡಿದು ಫ್ರಾನ್ಸ್, ಇಟಲಿ, ನೆದರ್‌ಲ್ಯಾಂಡ್ಸ್ ತಿರುಗಿದರೂ ಸಾಮಾನ್ಯ ಪ್ರವಾಸಕ್ಕೆ ಜಾಸ್ತಿ ಕೊಡಬೇಕಿಲ್ಲ. ಸ್ವಿಟ್ಜರ್‌ಲ್ಯಾಂಡ್ ಮಾತ್ರ ಇದರಲ್ಲಿ ಇಲ್ಲ. ರೈಲು ಗಡಿ ದಾಟುವಾಗ ಫೋನ್ ತಾನಾಗಿ ಸ್ವಿಸ್ ನೆಟ್‌ವರ್ಕ್ ಹಿಡಿಯುತ್ತದೆ. ಬಾಸೆಲ್ ಕಡೆ ಹೋಗುವ ಮೊದಲು ನಿಮ್ಮ ಪ್ಲಾನಿನಲ್ಲಿ ಸ್ವಿಟ್ಜರ್‌ಲ್ಯಾಂಡ್ ಹೆಸರು ಇದೆಯಾ ನೋಡಿ. ಬ್ರಿಟನ್ ಕೂಡ ಒಕ್ಕೂಟ ಬಿಟ್ಟ ಮೇಲೆ ಈ ನಿಯಮದ ಹೊರಗೆ.

ಪ್ರಶ್ನೆ (ಸಾಗರದಿಂದ): ಆ್ಯಪ್‌ನಲ್ಲಿ ಇಲ್ಲಿಂದಲೇ ವಿದೇಶದ ಇ-ಸಿಮ್ ಕೊಳ್ಳಬಹುದು ಎಂದು ಸ್ನೇಹಿತರು ಹೇಳಿದರು. ನನಗೆ ಆ ಆ್ಯಪ್ ಸಿಗುತ್ತಲೇ ಇಲ್ಲ.

ಉತ್ತರ: ವಿದೇಶಿ ಕಂಪನಿಯ ಸಿಮ್ ಅನ್ನು ಭಾರತದಲ್ಲಿ ಮಾರಲು ದೂರಸಂಪರ್ಕ ಇಲಾಖೆಯ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ ಬೇಕು. 2024ರ ಜನವರಿಯಲ್ಲಿ ಏರಾಲೊ, ಹಾಲಫ್ಲೈ ಆ್ಯಪ್‌ಗಳನ್ನು ಇಲ್ಲಿಯ ಆ್ಯಪ್ ಸ್ಟೋರ್‌ಗಳಿಂದ ತೆಗೆದದ್ದು ಇದೇ ಕಾರಣಕ್ಕೆ. ಎನ್‌ಒಸಿ ಇರುವ ಕಂಪನಿಗಳಿಂದ ಕೊಳ್ಳಿ. ಪಾಸ್‌ಪೋರ್ಟ್, ವೀಸಾ ಪ್ರತಿ ಕೇಳುತ್ತಾರೆ. ಏನೂ ಕೇಳದೆ ಟೆಲಿಗ್ರಾಮ್‌ನಲ್ಲಿ ಕ್ಯೂಆರ್ ಕೋಡ್ ಕಳಿಸುವವರ ಹತ್ತಿರ ಹೋಗಬೇಡಿ.

ಇ-ಸಿಮ್ ಕೊಂಡವರು ನನಗೆ ರಾತ್ರಿ ಫೋನ್ ಮಾಡುವುದು ಸಾಮಾನ್ಯವಾಗಿ ಒಂದೇ ವಿಷಯಕ್ಕೆ. ಸಿಗ್ನಲ್ ಇದೆ, ಡೇಟಾ ಇಲ್ಲ! ಪ್ರವಾಸಿ ಇ-ಸಿಮ್‌ಗಳಲ್ಲಿ ಬಹಳಷ್ಟು ಇನ್ನೊಂದು ದೇಶದ ಕಂಪನಿಯವು. ನೀವು ಹೋದ ದೇಶದಲ್ಲಿ ಅವೂ ರೋಮಿಂಗ್‌ನಲ್ಲೇ ಇರುತ್ತವೆ. ಹಾಗಾಗಿ ಆ ಇ-ಸಿಮ್‌ಗೆ ಡೇಟಾ ರೋಮಿಂಗ್ ಆನ್ ಇರಲೇಬೇಕು. ಭಾರತದ ಸಿಮ್‌ಗೆ ಮಾತ್ರ ಆಫ್. ಎರಡಕ್ಕೂ ಆಫ್ ಮಾಡಿಕೊಂಡು ಕೂತರೆ ಏನೂ ಬರುವುದಿಲ್ಲ. ಐಫೋನ್ ಇದ್ದರೆ ಸೆಲ್ಯುಲಾರ್ ಡೇಟಾ ಸ್ವಿಚಿಂಗ್ ಎಂಬುದನ್ನೂ ಆಫ್ ಮಾಡಿ. ಅದು ಆನ್ ಇದ್ದರೆ ಒಂದು ಸಿಮ್ ಸೋತಾಗ ಫೋನ್ ನಿಮಗೆ ಹೇಳದೆ ಇನ್ನೊಂದರ ಡೇಟಾಕ್ಕೆ ಕೈ ಹಾಕಬಹುದು.

ಇ-ಸಿಮ್ ಇಳಿಸಿಕೊಳ್ಳಲು ಇಂಟರ್ನೆಟ್ ಬೇಕು. ಮಳೆಗಾಲದಲ್ಲಿ ಸಾಗರ, ಹೊಸನಗರ ಕಡೆ ಕರೆಂಟೂ ನೆಟ್ಟೂ ಒಟ್ಟಿಗೆ ಹೋಗುವುದು ಗೊತ್ತಲ್ಲ. ಪೇಟೆಗೆ ಬಂದಾಗಲೇ ಇಳಿಸಿಕೊಂಡು ಬಿಡಿ. ಪ್ಯಾಕ್ ಯಾವಾಗ ಶುರುವಾಗುತ್ತದೆ, ಕೊಂಡ ದಿನವೋ ಅಲ್ಲಿ ಇಳಿದ ಮೇಲೋ, ಅದನ್ನು ಓದಿಕೊಳ್ಳಿ.

ಪ್ರಶ್ನೆ (ಭದ್ರಾವತಿಯಿಂದ): ಐದು ದಿನ ದುಬೈ ಟೂರ್. ಅಷ್ಟಕ್ಕೂ ಹೊಸ ಸಿಮ್ ಬೇಕಾ?

ಉತ್ತರ: ಬೇಡ. ನಿಮ್ಮ ಈಗಿನ ಕಂಪನಿಯ ಯುಎಇ ಪ್ಯಾಕ್ ಹಾಕಿಸಿ, ಸಾಕು. ಅಲ್ಲಿಯದೇ ಬೇಕೆಂದರೆ ವಿಮಾನ ನಿಲ್ದಾಣದಲ್ಲಿ ಅಲ್ಲಿಯ ಕಂಪನಿಗಳಾದ ‘ಡು’ ಮತ್ತು ‘ಇ ಅಂಡ್’ (ಹಿಂದಿನ ಎಟಿಸಲಾತ್) ಕೌಂಟರ್‌ಗಳಿವೆ, ಪಾಸ್‌ಪೋರ್ಟ್ ತೋರಿಸಬೇಕು. ಒಂದು ಮಾತು ಮನೆಯವರಿಗೆ ಮೊದಲೇ ಹೇಳಿ: ಅಲ್ಲಿಯ ನೆಟ್‌ವರ್ಕ್‌ನಲ್ಲಿ ವಾಟ್ಸಾಪ್ ಸಂದೇಶ ಹೋಗುತ್ತದೆ, ವಾಟ್ಸಾಪ್ ಕರೆ ಹೋಗುವುದಿಲ್ಲ. ಅಲ್ಲಿಯ ಕಾನೂನೇ ಹಾಗೆ. ಅಲ್ಲಿರುವ ನಮ್ಮವರು ಬೋಟಿಮ್ ಆ್ಯಪ್ ಬಳಸುತ್ತಾರೆ. ಇದು ಗೊತ್ತಿಲ್ಲದೆ ಮನೆಯಲ್ಲಿ ವಯಸ್ಸಾದವರು ರಾತ್ರಿಯೆಲ್ಲ ಗಾಬರಿಯಾಗುತ್ತಾರೆ.

ಪ್ರಶ್ನೆ (ಶಿವಮೊಗ್ಗ): ಅಬ್ಬಾ ಅಮ್ಮಿ ಉಮ್ರಾಗೆ ಹೋಗುತ್ತಿದ್ದಾರೆ. ಅವರ ಪಾಸ್‌ಪೋರ್ಟ್ ಪ್ರತಿ ಕೊಟ್ಟು ನಾನೇ ಅಲ್ಲಿಯ ಸಿಮ್ ತರಿಸಬಹುದಾ?

ಉತ್ತರ: ಸೌದಿಯಲ್ಲಿ ಸಿಮ್ ಕೊಡುವಾಗ ಬೆರಳಚ್ಚು ತೆಗೆದುಕೊಳ್ಳುತ್ತಾರೆ, ಹಾಗಾಗಿ ಅವರೇ ಎದುರಿಗೆ ಇರಬೇಕು. ಜೆದ್ದಾ, ಮದೀನಾ ನಿಲ್ದಾಣಗಳಲ್ಲಿ ಎಸ್‌ಟಿಸಿ, ಮೊಬಿಲಿ, ಝೈನ್ ಕೌಂಟರ್‌ಗಳಿವೆ. ದುಡಿದ ಕೈಗಳಲ್ಲಿ ಗೆರೆ ಸವೆದು ಬೆರಳಚ್ಚು ಸರಿಯಾಗಿ ಬೀಳದಿರಬಹುದು. ಆಗ ಬೇರೆ ಬೆರಳು ಇಡಲು ಹೇಳಿ. ಅವರಿಗೆ ಅದು ಕಷ್ಟ ಎನಿಸಿದರೆ ಇಲ್ಲಿಂದಲೇ ರೋಮಿಂಗ್ ಪ್ಯಾಕ್ ಹಾಕಿಸಿ ಕಳಿಸಿ. ಜನಜಂಗುಳಿಯಲ್ಲಿ ತಪ್ಪಿಸಿಕೊಂಡಾಗ ಇಬ್ಬರ ಫೋನೂ ನಡೆಯುವುದು ಮುಖ್ಯ. ಇಬ್ಬರಿಗೂ ಬೇರೆ ಬೇರೆ ಹಾಕಿಸಿ, ಒಂದರಲ್ಲಿ ಉಳಿಸಲು ಹೋಗಬೇಡಿ.

ಪ್ರಶ್ನೆ (ಹೊಸನಗರದಿಂದ): ರೋಮಿಂಗ್ ಪ್ಯಾಕ್ ಹಾಕಿಸಿದ್ದರೂ ನಮ್ಮ ಭಾವನಿಗೆ ಸಾವಿರಗಟ್ಟಲೆ ಬಿಲ್ ಬಂತು. ಹೇಗೆ?

ಉತ್ತರ: ಬಿಲ್ ವಿವರ ನೋಡದೆ ಖಚಿತವಾಗಿ ಹೇಳಲಾಗದು, ಆದರೆ ಇಂಥದ್ದಕ್ಕೆ ಮೂರು ಕಾರಣ ನೋಡಿದ್ದೇನೆ. ದೇಶ ತಪ್ಪಿರಬಹುದು. ಸಿಂಗಪುರ ಪ್ಯಾಕ್ ಹಾಕಿಸಿಕೊಂಡು ಪಕ್ಕದ ಮಲೇಷ್ಯಾಕ್ಕೆ ದಾಟಿದರೆ ಆ ಪ್ಯಾಕ್ ನಡೆಯದಿರಬಹುದು. ದಾರಿಯಲ್ಲಿ ವಿಮಾನ ಬದಲಿಸಿದ ದೇಶದಲ್ಲಿ ಫೋನ್ ಆನ್ ಆಗಿ ಅಲ್ಲಿಯ ನೆಟ್‌ವರ್ಕ್ ಹಿಡಿದಿರಬಹುದು. ಮೂರನೆಯದು ಬಹಳ ಜನರಿಗೆ ಗೊತ್ತೇ ಇಲ್ಲ. ಕೆಲವು ವಿಮಾನಗಳ ಒಳಗೇ ಮೊಬೈಲ್ ನೆಟ್‌ವರ್ಕ್ ಇರುತ್ತದೆ, ಉಪಗ್ರಹದ ಮೂಲಕ ನಡೆಯುವಂಥದ್ದು. ಫ್ಲೈಟ್ ಮೋಡ್ ಹಾಕದೆ ನಿದ್ದೆ ಮಾಡಿದರೆ ಫೋನ್ ಅದಕ್ಕೆ ಸೇರಿಕೊಂಡು ಹಿನ್ನೆಲೆಯಲ್ಲಿ ಫೋಟೊ ಬ್ಯಾಕಪ್ ಮಾಡುತ್ತಾ ಇರುತ್ತದೆ. ದೇಶದ ಪ್ಯಾಕ್ ಇದಕ್ಕೆ ಅನ್ವಯಿಸುವುದಿಲ್ಲ, ವಿಮಾನಕ್ಕೆ ಬೇರೆ ಪ್ಯಾಕ್. ಪ್ರವಾಸಿ ಹಡಗುಗಳಲ್ಲೂ ಹೀಗೇ. ಬಿಲ್‌ನಲ್ಲಿ ಯಾವ ನೆಟ್‌ವರ್ಕ್ ಎಂದು ಬರೆದಿರುತ್ತಾರೆ, ಭಾವನವರಿಗೆ ಅದನ್ನು ತೆಗೆಸಲು ಹೇಳಿ. ನಂತರ ಕಂಪನಿಗೆ ಬರವಣಿಗೆಯಲ್ಲಿ ದೂರು ಕೊಡಲಿ, ದೂರಿನ ನಂಬರ್ ಇಟ್ಟುಕೊಳ್ಳಲಿ.

ಪ್ರಶ್ನೆ (ಶಿಕಾರಿಪುರದಿಂದ): ಮಗ ಆಸ್ಟ್ರೇಲಿಯಾದಲ್ಲಿ ಇದ್ದಾನೆ. ಇಲ್ಲಿಂದ ಒಂದು ಕಡಿಮೆ ಬೆಲೆಯ ಫೋನ್ ಕೊಂಡು ಹೋಗೋಣ ಎಂದಿದ್ದೇವೆ.

ಉತ್ತರ: ತಡೆಯಿರಿ. ಅಲ್ಲಿ 2024ರಲ್ಲಿ 3ಜಿ ಮುಚ್ಚಿತು. ತುರ್ತು ನಂಬರ್ 000ಕ್ಕೆ 4ಜಿ ಮೂಲಕ ಕರೆ ಮಾಡಲಾಗದ ಫೋನ್‌ಗಳನ್ನು ಅಲ್ಲಿಯ ಕಂಪನಿಗಳು ಬ್ಲಾಕ್ ಮಾಡಬೇಕು ಎಂಬ ನಿಯಮ ಇದೆ. 4ಜಿ ಫೋನ್ ಅಲ್ವಾ, ನಡೆಯುತ್ತದೆ ಎಂದುಕೊಳ್ಳಬೇಡಿ. ಮಾಡೆಲ್ ನಂಬರ್ ಮಗನಿಗೆ ಕಳಿಸಿ, ಅವನು ಅಲ್ಲಿಯ ಕಂಪನಿಯಲ್ಲಿ ಕೇಳಿದ ಮೇಲೆ ಕೊಳ್ಳಿ. ನನ್ನ ಅಂಗಡಿಯಲ್ಲಿ ಕೊಂಡರೂ ಇದೇ ಮಾತು.

ಪ್ರಶ್ನೆ (ಶಿವಮೊಗ್ಗ): ಅಡಿಕೆ ಸುಲಿಯುವ ಯಂತ್ರದ ಬಿಡಿಭಾಗ ನೋಡಲು ಚೀನಾದ ಗುವಾಂಗ್‌ಝೌಗೆ ಹೋಗುತ್ತಿದ್ದೇನೆ. ಅಲ್ಲಿಯ ಸಿಮ್ ಕೊಳ್ಳಲಾ?

ಉತ್ತರ: ಇಲ್ಲಿ ನನ್ನ ಸಲಹೆ ಉಳಿದದ್ದಕ್ಕೆ ಉಲ್ಟಾ. ಚೀನಾದ ಸಿಮ್‌ನಲ್ಲಿ ವಾಟ್ಸಾಪ್, ಗೂಗಲ್, ಜಿಮೇಲ್, ಯೂಟ್ಯೂಬ್ ಯಾವುದೂ ತೆರೆಯುವುದಿಲ್ಲ. ಹೋಟೆಲ್ ವೈಫೈನಲ್ಲೂ ಇಲ್ಲ. ಆದರೆ ಭಾರತದ ಸಿಮ್ ರೋಮಿಂಗ್‌ನಲ್ಲಿ ಇದ್ದಾಗ ನಿಮ್ಮ ಡೇಟಾ ಸಾಮಾನ್ಯವಾಗಿ ಇಲ್ಲಿಯ ಕಂಪನಿಯ ಮೂಲಕವೇ ಸುತ್ತಿ ಬರುತ್ತದೆ. ಹಾಗಾಗಿ ಅವು ತೆರೆಯುತ್ತವೆ. ಸ್ವಲ್ಪ ನಿಧಾನ, ಸ್ವಲ್ಪ ದುಬಾರಿ, ಆದರೂ ಕೆಲಸ ನಿಲ್ಲುವುದಿಲ್ಲ. ಚೀನಾ ಸೇರಿರುವ ಪ್ಯಾಕ್ ಹಾಕಿಸಿ. ವ್ಯಾಪಾರಿಗಳು ಮಾತಾಡುವುದೆಲ್ಲ ವಿಚಾಟ್ ಎಂಬ ಚಾಟ್ ಆ್ಯಪ್‌ನಲ್ಲಿ, ಆದರೆ 2020ರಲ್ಲಿ ಭಾರತ ಸರ್ಕಾರ ಅದನ್ನು ನಿಷೇಧಿಸಿತು, ಹಾಗಾಗಿ ಇಲ್ಲಿಂದ ನೋಂದಾಯಿಸಿಕೊಳ್ಳಬಹುದು ಎಂದುಕೊಳ್ಳಬೇಡಿ. ಅನುವಾದದ ಆ್ಯಪ್‌ನಲ್ಲಿ ಚೀನೀ ಭಾಷೆಯನ್ನು ಮೊದಲೇ ಇಳಿಸಿಕೊಂಡಿದ್ದರೆ ನೆಟ್ ಇಲ್ಲದಾಗಲೂ ನಡೆಯುತ್ತದೆ. ಹೋಟೆಲ್ ವಿಳಾಸವನ್ನು ಚೀನೀ ಅಕ್ಷರದಲ್ಲೇ ಸ್ಕ್ರೀನ್‌ಶಾಟ್ ಮಾಡಿ ಇಟ್ಟುಕೊಳ್ಳಿ, ಟ್ಯಾಕ್ಸಿಯವರಿಗೆ ತೋರಿಸಲು.