ಅಮ್ಮನ ಫೋನಿನಲ್ಲಿ ಸದ್ದಿಲ್ಲ, ಸ್ಪೀಕರ್ ಬದಲಿಸಲೇಬೇಕಾ?

ಕೇಳಿದವರು, ವಿಜಯನಗರ:
ಅಮ್ಮನ ಆಂಡ್ರಾಯ್ಡ್ ಫೋನು ತಗೊಂಡು ಮೂರು ವರ್ಷ ಆಯ್ತು, ವಾರಂಟಿ ಮುಗಿದಿದೆ. ನಾಲ್ಕು ದಿನದಿಂದ ದೇವರನಾಮದ ವಿಡಿಯೋ ಹಾಕಿದರೆ ಸದ್ದೇ ಇಲ್ಲ. ಕರೆ ಬಂದರೆ ರಿಂಗ್ ಆಗುತ್ತೆ, ಎತ್ತಿದರೆ ಆ ಕಡೆಯವರ ಮಾತು ಕೇಳಿಸಲ್ಲ. ಅಮ್ಮ ನಾಲ್ಕು ಸಲ 'ಹಲೋ' ಅಂದು ಇಟ್ಟುಬಿಡುತ್ತಾರೆ. ಹಗಲು ಹೊತ್ತು ಮನೆಯಲ್ಲಿ ಅವರೊಬ್ಬರೇ, ಆಫೀಸಿನಲ್ಲಿ ನನಗೆ ಕೆಲಸದ ಮೇಲೆ ಮನಸ್ಸೇ ನಿಲ್ಲುತ್ತಿಲ್ಲ. ಆಫ್ ಮಾಡಿ ಆನ್ ಮಾಡಿದೆ, ವಾಲ್ಯೂಮ್ ಪೂರ್ತಿ ಏರಿಸಿದೆ. ಹತ್ತಿರದ ಅಂಗಡಿಯವರು ಕೈಗೆ ತಗೊಂಡ ಕೂಡಲೇ 'ಸ್ಪೀಕರ್ ಹೋಗಿದೆ, 1,600 ಆಗುತ್ತೆ, ಬಿಟ್ಟು ಹೋಗಿ' ಅಂದರು. ಇಂಥದ್ದು ಯಾರಿಗಾದರೂ ಆಗಿತ್ತಾ?

ಮಲ್ಲೇಶ್ವರದಿಂದ:
ನನಗೂ ಹೋದ ವರ್ಷ ಹೀಗೇ ಆಗಿತ್ತಮ್ಮ. ಕರೆಯಲ್ಲಿ ಮಾತು ಬಾವಿಯೊಳಗಿಂದ ಬಂದ ಹಾಗೆ ಕೇಳಿಸುತ್ತಿತ್ತು, ಆಮೇಲೆ ಅದೂ ನಿಂತಿತು. ಕಿವಿಗೆ ಇಟ್ಟುಕೊಳ್ಳುವ ಕಡೆ ಸಣ್ಣದೊಂದು ಜಾಲರಿ ಇರುತ್ತದಲ್ಲ, ಅಲ್ಲಿ ತಲೆಯ ಕೊಬ್ಬರಿ ಎಣ್ಣೆ, ಪೌಡರು, ಬೆವರು ಎಲ್ಲ ಸೇರಿ ಜಿಡ್ಡು ಕಟ್ಟಿತ್ತು. ಮೊಮ್ಮಗ ಫೋನನ್ನು ಬೋರಲು ಹಿಡಿದು, ಒಣಗಿದ ಹೊಸ ಟೂತ್‌ಬ್ರಷ್ಷಿನಲ್ಲಿ ಮೆಲ್ಲಗೆ ಉಜ್ಜಿದ, ಸರಿಹೋಯಿತು. ಗಾಜಿನ ಸ್ಕ್ರೀನ್ ಗಾರ್ಡ್ ಹೊಸದಾಗಿ ಹಾಕಿಸಿದ್ದರೆ ಅದೂ ಆ ಜಾಲರಿಯ ಮೇಲೆ ಕೂತಿದೆಯೇನೋ ನೋಡು. ನಮ್ಮ ಎದುರು ಮನೆಯವರಿಗೆ ಆಗಿದ್ದು ಅದೇ.

ಎಸ್.ಪಿ. ರಸ್ತೆಯಿಂದ:
ಇಲ್ಲಿನ ಒಂದು ಅಂಗಡಿಯಲ್ಲಿ ಹನ್ನೊಂದು ವರ್ಷದಿಂದ ರಿಪೇರಿ ಟೇಬಲ್ಲಿನಲ್ಲಿ ಕೂತಿದ್ದೇನೆ. ಮೇಡಂ, ಈಗಲೇ ಬಿಚ್ಚಿಸಬೇಡಿ. ನೀವು ಬರೆದದ್ದರಲ್ಲೇ ಸುಳಿವು ಇದೆ: 'ರಿಂಗ್ ಆಗುತ್ತೆ' ಅಂದಿದ್ದೀರಿ. ರಿಂಗ್ ಬರುವುದು ಕೆಳಗಿನ ದೊಡ್ಡ ಸ್ಪೀಕರಿನಿಂದ, ವಿಡಿಯೋದ ಸದ್ದು ಬರುವುದೂ ಅದರಿಂದಲೇ. ಅದು ಸತ್ತಿದ್ದರೆ ರಿಂಗೂ ಕೇಳಿಸಬಾರದು. ಕರೆಯ ಮಾತು ಬರುವುದು ಮೇಲಿರುವ ಬೇರೆಯದೇ ಪುಟ್ಟ ಸ್ಪೀಕರಿನಿಂದ, ಅದನ್ನು ಇಯರ್ ಸ್ಪೀಕರ್ ಅನ್ನುತ್ತೇವೆ. ಮಲ್ಲೇಶ್ವರದವರು ಹೇಳಿದ ಜಿಡ್ಡಿನ ಮಾತು ನಿಜ, ಆದರೆ ಅದರಿಂದ ವಿಡಿಯೋದ ಸದ್ದು ನಿಲ್ಲುವುದಿಲ್ಲ. ಒಂದೇ ದಿನ ಎರಡೂ ಹೋಗಿ, ರಿಂಗ್ ಮಾತ್ರ ಉಳಿಯಿತು ಅಂದರೆ ನನಗೆ ಬೇರೆಯದೇ ಅನುಮಾನ: ಯಾರೋ ಇಯರ್‌ಫೋನ್ ಚುಚ್ಚಿದ್ದಾರೆ ಅಂತ ನಿಮ್ಮ ಫೋನು ತಿಳಿದುಕೊಂಡಿದೆ. ಆಗ ವಿಡಿಯೋ, ಕರೆ ಎಲ್ಲದರ ಸದ್ದನ್ನೂ ಇಲ್ಲದಿರುವ ಇಯರ್‌ಫೋನಿಗೇ ಕಳಿಸುತ್ತದೆ. ರಿಂಗು, ಅಲಾರಂ ಮಾತ್ರ ಸ್ಪೀಕರಿನಲ್ಲೂ ಬರುವಂತೆ ಆಂಡ್ರಾಯ್ಡಿನಲ್ಲಿ ಏರ್ಪಾಡಿದೆ. ಇಯರ್‌ಫೋನ್ ಚುಚ್ಚಿದ ಫೋನನ್ನು ಟೇಬಲ್ ಮೇಲೆ ಬಿಟ್ಟು ಎದ್ದು ಹೋದರೂ ಕರೆ ಬಂದದ್ದು ಗೊತ್ತಾಗಬೇಕಲ್ಲ.

ಮೊದಲು ಬ್ಲೂಟೂತ್ ಆಫ್ ಮಾಡಿ. ನಿಮ್ಮ ಇಯರ್‌ಬಡ್ಸನ್ನು ಅಮ್ಮನ ಫೋನಿಗೆ ಯಾವತ್ತೋ ಜೋಡಿಸಿದ್ದರೆ, ಬ್ಯಾಗಿನೊಳಗಿದ್ದುಕೊಂಡೇ ಅದು ಸದ್ದನ್ನೆಲ್ಲ ಎಳೆದುಕೊಳ್ಳಬಹುದು. ಆಮೇಲೆ ಪರದೆಯ ಮೇಲ್ತುದಿಯಲ್ಲಿ ಹೆಡ್‌ಫೋನಿನ ಸಣ್ಣ ಚಿತ್ರ ಇದೆಯಾ ನೋಡಿ. ಅಮ್ಮನಿಗೆ ಒಂದು ಕರೆ ಮಾಡಿ, ಅವರ ಫೋನಿನಲ್ಲಿ ಸ್ಪೀಕರ್ ಗುಂಡಿ ಒತ್ತಿಸಿ. ನಿಮ್ಮ ಮಾತು ಜೋರಾಗಿ ಕೇಳಿಸಿದರೆ 1,600 ಕೊಡುವ ಮಾತೇ ಇಲ್ಲ, ಇಯರ್‌ಫೋನ್ ಚುಚ್ಚುವ ತೂತಿನೊಳಗೆ ಏನೋ ಕೂತಿದೆ. ಫೋನ್ ಆಫ್ ಮಾಡಿ, ತೂತು ಕೆಳಮುಖವಾಗಿರಲಿ, ಟಾರ್ಚ್ ಬಿಟ್ಟು ನೋಡಿ. ಸಣ್ಣ ಮರದ ಕಡ್ಡಿಯನ್ನು ಗೋಡೆಗೆ ಸವರುತ್ತಾ ತಿರುಗಿಸಿ ಹೊರಗೆಳೆಯಿರಿ, ಒಳಕ್ಕೆ ದೂಡಬೇಡಿ. ಗುಂಡುಸೂಜಿ, ಸೇಫ್ಟಿ ಪಿನ್ನು ಬೇಡವೇ ಬೇಡ. ಕೆಳಗಿರುವ ಒಂಟಿ ಚುಕ್ಕೆಯಂಥ ತೂತು ಮೈಕಿನದು. ಅದಕ್ಕೆ ಪಿನ್ನು ಹಾಕಿ, ಒಳಗಿನ ತೆಳು ಪೊರೆ ಹರಿದುಕೊಂಡು ಬಂದವರನ್ನು ನೋಡಿ ನೋಡಿ ನನಗೆ ಸಂಕಟವಾಗುತ್ತದೆ.

ಅಷ್ಟಕ್ಕೂ ಸರಿಹೋಗದಿದ್ದರೆ ಮಾತ್ರ ಮುಂದಿನ ಪರೀಕ್ಷೆ. ಸ್ಯಾಮ್ಸಂಗ್ ಆದರೆ ಡಯಲ್ ಮಾಡುವ ಜಾಗದಲ್ಲಿ *#0*# ಒತ್ತಿ, ಶಿಯೋಮಿ ಆದರೆ *#*#6484#*#*. ಎರಡು ಸ್ಪೀಕರುಗಳನ್ನೂ ಬೇರೆಬೇರೆಯಾಗಿ ಪರೀಕ್ಷಿಸುವ ಪಟ್ಟಿ ತೆರೆಯುತ್ತದೆ. ಅಲ್ಲಿ ಸದ್ದು ಬಂದು ವಿಡಿಯೋದಲ್ಲಿ ಬರದಿದ್ದರೆ ತಪ್ಪು ಸೆಟ್ಟಿಂಗಿನದೋ ಆ್ಯಪಿನದೋ. ಅಲ್ಲೂ ಬರದಿದ್ದರೆ ಬಿಚ್ಚಲೇಬೇಕು. ಬಿಚ್ಚಿದ ಮೇಲೂ ನಾವು ಮೊದಲು ಮಲ್ಟಿಮೀಟರ್, ಅಂದರೆ ವಿದ್ಯುತ್ತಿಗಿರುವ ತಡೆಯನ್ನು ಓಮ್ ಲೆಕ್ಕದಲ್ಲಿ ಅಳೆಯುವ ಮೀಟರ್, ಇಡುತ್ತೇವೆ: ದೊಡ್ಡ ಸ್ಪೀಕರ್ ಸಾಮಾನ್ಯವಾಗಿ 8 ಓಮ್ ಆಸುಪಾಸು, ಇಯರ್ ಸ್ಪೀಕರ್ 32ರ ಆಸುಪಾಸು ತೋರಿಸಬೇಕು. ಏನೂ ತೋರಿಸದಿದ್ದರೆ ಒಳಗಿನ ತಂತಿ ಸುರುಳಿ (ಕಾಯಿಲ್) ತುಂಡಾಗಿದೆ ಎಂದರ್ಥ, ಆಗ ಬದಲಿಸುವುದು ಸರಿ. ಮೀಟರ್ ಸರಿಯಾಗಿ ತೋರಿಸಿಯೂ ಸದ್ದಿಲ್ಲದಿದ್ದರೆ ಚಾರ್ಜಿಂಗ್ ತೂತಿರುವ ಕೆಳಗಿನ ಸಣ್ಣ ಸಬ್ ಬೋರ್ಡು, ಅದನ್ನು ಮುಖ್ಯ ಬೋರ್ಡಿಗೆ ಜೋಡಿಸುವ ತೆಳು ಫ್ಲೆಕ್ಸ್ ಪಟ್ಟಿ ನೋಡಬೇಕು. ಚಾರ್ಜಿಂಗು, ಮೈಕು, ಸ್ಪೀಕರು ಮೂರೂ ಒಟ್ಟಿಗೆ ಕೈಕೊಟ್ಟರೆ ಅದು ಹೆಚ್ಚಾಗಿ ಸಬ್ ಬೋರ್ಡಿನದೇ ಕೆಲಸ. ಮೀಟರ್ ಮುಟ್ಟದೆ 'ಸ್ಪೀಕರ್ ಹೋಗಿದೆ' ಅನ್ನುವುದನ್ನು ನಾನಂತೂ ಒಪ್ಪುವುದಿಲ್ಲ.

ಯಶವಂತಪುರದಿಂದ:
ಆಟೋ ಓಡಿಸ್ತೀನಿ. ನಮಗೆ ಸ್ಪೀಕರ್ ಅಂದ್ರೆ ಹೊಟ್ಟೆಪಾಡು. 'ನಮ್ಮ ಯಾತ್ರಿ' ಆಟೋ ಆ್ಯಪಲ್ಲಿ ಬಾಡಿಗೆ ಬಂದ ಸದ್ದು ಕೇಳಿಸದಿದ್ರೆ ಇನ್ನೊಬ್ರು ತಗೊಂಡಿರ್ತಾರೆ. ಹೋದ ಮಳೆಗಾಲದಲ್ಲಿ ಸ್ಟ್ಯಾಂಡಲ್ಲಿದ್ದ ಫೋನಿಗೆ ಎರಚಲು ಹೊಡೆದು ಸದ್ದು ಗೊರಗೊರ ಅಂತಿತ್ತು. ಅಕ್ಕಿ ಡಬ್ಬಕ್ಕೆ ಹಾಕಿದೆ. ಅಕ್ಕಿ ಧೂಳು, ನುಚ್ಚು ಚಾರ್ಜಿಂಗ್ ತೂತಿಗೆ ಸೇರ್ಕೊಂಡು ಇನ್ನೊಂದು ತೊಂದರೆ ಆಯ್ತು. ಅಕ್ಕ, ನಿಮ್ಮಮ್ಮನ ಫೋನಿಗೆ ನೀರು ಬಿದ್ದಿದ್ರೆ ಆಫ್ ಮಾಡಿ, ಕವರ್ ತೆಗೀರಿ, ತೂತು ಕೆಳಗೆ ಮಾಡಿ ಅಂಗೈಗೆ ಮೆತ್ತಗೆ ತಟ್ಟಿ, ರಾತ್ರಿಯೆಲ್ಲ ಫ್ಯಾನ್ ಗಾಳಿಗೆ ಬಿಡಿ. ಒಣಗೋವರೆಗೂ ಚಾರ್ಜಿಗೆ ಹಾಕ್ಬೇಡಿ.

ಎಸ್.ಪಿ. ರಸ್ತೆಯಿಂದ:
ಅಣ್ಣ ಹೇಳಿದ್ದು ಸರಿ. ಆಪಲ್ ಕಂಪನಿಯೂ ತನ್ನ ಸಲಹೆಯಲ್ಲಿ ಅಕ್ಕಿ ಬೇಡ ಅಂದಿದೆ. ಹೇರ್ ಡ್ರೈಯರೂ ಬೇಡ, ಬಿಸಿಗೆ ಅಂಟು ಸಡಿಲವಾಗುತ್ತದೆ, ಗಾಳಿ ನೀರನ್ನು ಒಳಕ್ಕೇ ನೂಕುತ್ತದೆ.

ಪೀಣ್ಯದಿಂದ:
ನಮ್ಮದು ಲೇತ್ ಕೆಲಸ. ಇಲ್ಲಿ ತೊಂದರೆ ಬೇರೆ ಥರ. ಸ್ಪೀಕರಿನೊಳಗೆ ಆಯಸ್ಕಾಂತ ಇರುವುದರಿಂದ ಕಬ್ಬಿಣದ ಪುಡಿ ತಾನಾಗಿ ಬಂದು ಜಾಲರಿಗೆ ಕಚ್ಚಿಕೊಳ್ಳುತ್ತದೆ. ಸದ್ದು ಮೊದಲು ಒಡೆಯುತ್ತದೆ, ಆಮೇಲೆ ಕುಗ್ಗುತ್ತದೆ. ಬ್ರಷ್ಷಿನಲ್ಲಿ ಉಜ್ಜಿದರೆ ಇನ್ನೂ ಒಳಗೆ ಹೋಗುತ್ತದೆ. ಸೆಲ್ಲೋ ಟೇಪಿನ ಅಂಟಿನ ಬದಿ ಒತ್ತಿ ಎತ್ತಬೇಕು, ಹೊಸ ಹೊಸ ತುಂಡು ತಗೊಂಡು, ಪುಡಿ ಬರುವುದು ನಿಲ್ಲುವ ತನಕ. ನಾನು ಈಗ ಶಾಪಿನೊಳಗೆ ಹೋಗುವಾಗ ಫೋನನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಳ್ಳುತ್ತೇನೆ.

ಜಯನಗರದಿಂದ:
ರಿಪೇರಿಗೆ ಕೊಡಲೇಬೇಕಾಗಿ ಬಂದರೆ ಅಮ್ಮನ ಫೋಟೋ, ನಂಬರುಗಳ ಬ್ಯಾಕಪ್ ಮೊದಲು ತಗೊಳ್ಳಿ. ತೆಗೆದ ಹಳೆಯ ಸ್ಪೀಕರನ್ನು ವಾಪಸ್ ಕೇಳಿ, ಬಿಲ್ ಬರೆಸಿ. ಬಿಡಿಭಾಗಗಳ, ವಾರಂಟಿಯ ವಿವರಕ್ಕೆ ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ಶುರು ಮಾಡಿದ ರೈಟ್ ಟು ರಿಪೇರ್ ಪೋರ್ಟಲ್ ಇದೆ. ದುಡ್ಡು ತಗೊಂಡು ಕೆಲಸ ಕೆಡಿಸಿದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಕೇಳಿದವರು, ವಿಜಯನಗರ:
ಆಫೀಸಿನಿಂದ ಬಂದ ಕೂಡಲೇ ಕೂತೆವು. ಬ್ಲೂಟೂತ್ ಆಫೇ ಇತ್ತು. ಹೆಡ್‌ಫೋನಿನ ಚಿತ್ರ ಮೇಲೆ ಇದ್ದೇ ಇತ್ತು, ನಾಲ್ಕು ದಿನದಿಂದ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಸ್ಪೀಕರ್ ಗುಂಡಿ ಒತ್ತಿದಾಗ ಪಕ್ಕದ ಕೋಣೆಯಿಂದ ನಾನು ಆಡಿದ ಮಾತು ಅಮ್ಮನಿಗೆ ಸ್ಪಷ್ಟವಾಗಿ ಕೇಳಿಸಿತು. ಟಾರ್ಚ್ ಬಿಟ್ಟರೆ ತೂತಿನ ತಳದಲ್ಲಿ ಬಿಳಿಯದೇನೋ ಗಟ್ಟಿಯಾಗಿ ಕೂತಿತ್ತು. ಹತ್ತು ನಿಮಿಷ ಹಿಡಿಯಿತು. ಹೊರಗೆ ಬಂದದ್ದು ಹತ್ತಿ.

ಅಮ್ಮ ಮಧ್ಯಾಹ್ನ ಹೂಬತ್ತಿ ಮಾಡುತ್ತಾರೆ, ಹತ್ತಿಯ ಚೀಲದಲ್ಲೇ ಫೋನನ್ನೂ ಇಡುತ್ತಿದ್ದರು. ಮೇಲಿಂದ ಹೋದ ವಾರ ನಾನೇ ಇಯರ್‌ಫೋನ್ ಚುಚ್ಚಿ ಒಂದು ವಿಡಿಯೋ ನೋಡಿದ್ದೆ, ಆಗಲೇ ಹತ್ತಿ ಒಳಗೆ ಒತ್ತಿಹೋಗಿರಬೇಕು. ಫೋನ್ ಆನ್ ಮಾಡಿದಾಗ ಆ ಚಿತ್ರ ಮಾಯವಾಗಿತ್ತು. ದೇವರನಾಮ ಹಾಕಿದರೆ ವಾಲ್ಯೂಮ್ ಪೂರ್ತಿ ಏರಿಸಿಟ್ಟದ್ದು ನೆನಪೇ ಇರಲಿಲ್ಲ, ಇಬ್ಬರೂ ಬೆಚ್ಚಿಬಿದ್ದೆವು. ಎಸ್.ಪಿ. ರಸ್ತೆಯವರಿಗೆ, ಎಲ್ಲರಿಗೂ ಅಮ್ಮನ ಪರವಾಗಿ ನಮಸ್ಕಾರ. ಅವರು ಈಗ ಫೋನಿಗೆಂದೇ ಹಳೆಯ ರವಿಕೆ ಬಟ್ಟೆಯಲ್ಲಿ ಬೇರೆ ಚೀಲ ಹೊಲಿಯುತ್ತಿದ್ದಾರೆ.