ಏಳನೇ ಫ್ರೆಟ್‌ನ ಬ್ಲಾಕ್ ಇನ್‌ಲೇ ಒಂದು ಮೂಲೆಯಲ್ಲಿ ಎದ್ದಿದೆ, ಏನು ಮಾಡಲಿ?

ತಂತಿಪ್ರಿಯ: ಎಲ್ಲರಿಗೂ ನಮಸ್ಕಾರ. ನನ್ನದು ರೋಸ್‌ವುಡ್ ಫ್ರೆಟ್‌ಬೋರ್ಡ್‌ನ (ಫ್ರೆಟ್ ಎಂಬ ಲೋಹದ ಪಟ್ಟಿಗಳಿರುವ, ಬೆರಳೊತ್ತುವ ಹಲಗೆ) ಎಲೆಕ್ಟ್ರಿಕ್ ಗಿಟಾರ್, ಬೋರ್ಡಿನ ಬಾಗಿನ ರೇಡಿಯಸ್ 12 ಇಂಚು. ಏಳನೇ ಫ್ರೆಟ್‌ನ ಅಗಲದ ಬ್ಲಾಕ್ ಇನ್‌ಲೇ (ಬೋರ್ಡಿನ ಗುಂಡಿಯಲ್ಲಿ ಕೂರಿಸಿದ ಅಲಂಕಾರದ ತುಂಡು) ತೆಳು ತಂತಿಯ ಕಡೆ ಮೂಲೆಯಲ್ಲಿ ಎದ್ದಿದೆ. ತಂತಿಯನ್ನು ಪಕ್ಕಕ್ಕೆ ತಳ್ಳಿ ಬೆಂಡ್ ಮಾಡುವಾಗ ಬೆರಳಿಗೆ ಚುಚ್ಚುತ್ತದೆ. ಐದನೇ ಫ್ರೆಟ್ ಒತ್ತಿದರೆ ತಂತಿ ಝೇಂಕರಿಸುತ್ತದೆ, ಅದೂ ಈ ಮೂಲೆಯಿಂದಲೇ ಇರಬೇಕು. ಸೂಪರ್ ಗ್ಲೂ ಹಾಕಿ ಒತ್ತಿಬಿಟ್ಟರೆ ಸಾಕಾ?

ಗಿಟಾರ್_ಹುಚ್ಚ: ಅಂಟೆಲ್ಲ ಯಾಕೆ? 400ರ ಸ್ಯಾಂಡ್‌ಪೇಪರ್ ತಗೊಂಡು ಎದ್ದಷ್ಟನ್ನು ಉಜ್ಜಿಬಿಡಿ. ಹತ್ತು ನಿಮಿಷದ ಕೆಲಸ.

ಚಿಪ್ಪುಕೆಲಸ: ದಯವಿಟ್ಟು ಉಜ್ಜಬೇಡಿ. ಬ್ಲಾಕ್ ಮುತ್ತಿನ ಚಿಪ್ಪಿನದಾದರೆ ಆ ತುಂಡು ಸಾಮಾನ್ಯವಾಗಿ ಚಪ್ಪಟೆ, ದಪ್ಪ 1.3 ಮಿ.ಮೀ. ಆಸುಪಾಸು. ಬೋರ್ಡ್ ಮಾತ್ರ ಬಾಗಿದೆ. ಕೂರಿಸಿದ ಮೇಲೆ ಬೋರ್ಡಿನ ಬಾಗಿಗೆ ಸರಿಯಾಗಿ ಉಜ್ಜುತ್ತಾರಲ್ವಾ, ಆಗ ನಡುವೆ ಪೂರ್ತಿ ದಪ್ಪ ಉಳಿಯುತ್ತದೆ, ಅಂಚು ಸವೆಯುತ್ತದೆ. 40 ಮಿ.ಮೀ. ಅಗಲದ ಬ್ಲಾಕ್, 12 ಇಂಚು ರೇಡಿಯಸ್ ಅಂದರೆ ಅಂಚಿನಲ್ಲಿ ಆಗಲೇ ಸುಮಾರು 0.65 ಮಿ.ಮೀ. ಹೋಗಿದೆ, ಉಳಿದಿರುವುದು ಅರ್ಧ. 7.25 ಇಂಚಿನ ಹಳೇ ಶೈಲಿಯ ಬೋರ್ಡ್ ಆಗಿದ್ದರೆ 0.2 ಮಿ.ಮೀ. ಉಳಿದರೆ ಪುಣ್ಯ. ಈಗ ಎದ್ದ ಮೂಲೆಯನ್ನು ಉಜ್ಜಿ, ನಾಳೆ ಅದು ತಾನೇ ಕೆಳಗೆ ಕೂತರೆ ಅಲ್ಲೊಂದು ಗುಂಡಿ ಆಗುತ್ತದೆ. ಜೊತೆಗೆ ಚಿಪ್ಪಿನ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮಾಸ್ಕ್ ಇಲ್ಲದೆ ಅದನ್ನು ಉಜ್ಜಲೇಬಾರದು.

ಅಂಟಿನ ಮಾತಿಗೆ ಮೊದಲು ಮೂರು ವಿಷಯ ಹೇಳಿ. ಬ್ಲಾಕ್ ಮುಟ್ಟಿದರೆ ಕಲ್ಲಿನ ಹಾಗೆ ತಣ್ಣಗಿದೆಯಾ, ಅಂದರೆ ಪ್ಲಾಸ್ಟಿಕ್ ಅಲ್ಲ, ಚಿಪ್ಪೇನಾ? ಸುತ್ತ ಸಂದು ಕಾಣುತ್ತಿದೆಯಾ? ಕತ್ತಿನ ಅಂಚಿನ ಮೇಲೆ ಕೈ ಜಾರಿಸಿದರೆ ಫ್ರೆಟ್ ತುದಿಗಳು ತರಚುತ್ತವೆಯಾ?

ಇನ್ನೊಂದು, ಝೇಂಕಾರಕ್ಕೆ ಇನ್‌ಲೇ ಕಾರಣ ಆಗಿರುವ ಸಾಧ್ಯತೆ ಕಡಿಮೆ. ತಂತಿ ತಾಗಬೇಕಾದರೆ ಮೂಲೆ ಹೆಚ್ಚುಕಮ್ಮಿ ಫ್ರೆಟ್‌ನಷ್ಟೇ ಎತ್ತರ ಏಳಬೇಕು, ಅಂದರೆ ಒಂದು ಮಿ.ಮೀ. ಹತ್ತಿರ. ಅಷ್ಟು ಎದ್ದಿದ್ದರೆ ನೀವು ‘ಮೂಲೆ ಎದ್ದಿದೆ’ ಅಂತಿರಲಿಲ್ಲ, ‘ಕಿತ್ತುಬಂದಿದೆ’ ಅಂತಿದ್ದಿರಿ!

ತಂತಿಪ್ರಿಯ: ಹೌದು, ತಣ್ಣಗಿದೆ. ಸಂದು ಎಲ್ಲೂ ಇಲ್ಲ, ಮರ ಬಿಗಿಯಾಗಿ ಹಿಡಿದುಕೊಂಡಿದೆ. ಫ್ರೆಟ್ ತುದಿಗಳು ಗರಗಸದ ಹಾಗಿವೆ. ಗಿಟಾರ್ ಇಡೀ ದಿನ ಎ.ಸಿ. ಓಡುವ ಕೋಣೆಯಲ್ಲಿ ಗೋಡೆಗೆ ನೇತಾಡುತ್ತಿರುತ್ತದೆ.

ಚಿಪ್ಪುಕೆಲಸ: ಹಾಗಾದರೆ ಮೂರೂ ತೊಂದರೆಗೆ ಕಾರಣ ಒಂದೇ ಅನ್ನಿಸುತ್ತದೆ. ಬೋರ್ಡ್ ಒಣಗಿದೆ. ಮರ ಅಡ್ಡಡ್ಡಕ್ಕೆ ಕುಗ್ಗುತ್ತದೆ, ಲೋಹ ಕುಗ್ಗುವುದಿಲ್ಲ, ಅದಕ್ಕೇ ಫ್ರೆಟ್ ತುದಿ ಹೊರಗೆ ಬಂದಿದೆ. ಚಿಪ್ಪೂ ಕುಗ್ಗುವುದಿಲ್ಲ. ಎರಡು ಕಡೆಯಿಂದ ಮರ ಅದುಮಿದಾಗ ಅಂಟು ಸೋತ ಮೂಲೆ ಮೇಲೆದ್ದಿದೆ. ಕತ್ತು ಹಿಂದಕ್ಕೆ ಬಾಗಿ ಝೇಂಕಾರವೂ ಶುರುವಾಗಿದೆ. ಮೊದಲ ಮತ್ತು ಕೊನೆಯ ಫ್ರೆಟ್ ಎರಡನ್ನೂ ಒಟ್ಟಿಗೆ ಒತ್ತಿ ಹಿಡಿದು ಏಳು-ಎಂಟನೇ ಫ್ರೆಟ್ ಹತ್ತಿರ ನೋಡಿ. ತಂತಿಯ ಕೆಳಗೆ 0.2 ಮಿ.ಮೀ. ಆಸುಪಾಸು ಜಾಗ ಬೇಕು. ನಿಮ್ಮದರಲ್ಲಿ ಬಹುಶಃ ಜಾಗವೇ ಇರಲಿಕ್ಕಿಲ್ಲ.

ಈಗಲೇ ಅಂಟು ಹಾಕಿ ಒತ್ತಿದರೆ ಕುಗ್ಗಿದ ಗುಂಡಿಯೊಳಗೆ ಚಿಪ್ಪು ತುರುಕಿದ ಹಾಗೆ. ಬಿರುಕು ಬಿಡುತ್ತದೆ. ಗಿಟಾರನ್ನು ಕೇಸ್‌ನಲ್ಲಿಟ್ಟು, ತೇವಾಂಶ 45ರಿಂದ 50 ಶೇಕಡಾ ಇರುವಂತೆ ನೋಡಿಕೊಳ್ಳಿ. ನಿಧಾನಕ್ಕೆ, ಅವಸರ ಬೇಡ. ಟ್ರಸ್ ರಾಡ್ (ಕತ್ತಿನ ಬಾಗು ಸರಿಮಾಡಲು ಅದರೊಳಗಿರುವ ಲೋಹದ ಸರಳು) ಸದ್ಯ ಮುಟ್ಟಬೇಡಿ. ನಿಂಬೆ ಎಣ್ಣೆಯನ್ನೂ ಹಚ್ಚಬೇಡಿ. ಅದು ಮರಕ್ಕೆ ನೀರಿನಂಶ ಕೊಡುವುದಿಲ್ಲ, ಮೇಲಾಗಿ ಎಣ್ಣೆ ಕುಡಿದ ಜಾಗದಲ್ಲಿ ಅಂಟು ನಿಲ್ಲುವುದಿಲ್ಲ.

ಗಿಟಾರ್_ಹುಚ್ಚ: ಸರಿ ಸರ್, ಸ್ಯಾಂಡ್‌ಪೇಪರ್ ಒಳಗಿಟ್ಟೆ 😄 ನನ್ನದರಲ್ಲಿ ಪರ್ಲಾಯ್ಡ್ ಬ್ಲಾಕ್ (ಮುತ್ತಿನ ಚಿಪ್ಪಿನ ಹಾಗೆ ಕಾಣುವ ಪ್ಲಾಸ್ಟಿಕ್), ಸುತ್ತಲೂ ಕಪ್ಪು ಸಂದು ಬಿದ್ದಿದೆ. ಅದಕ್ಕೂ ಇದೇ ಉಪಾಯನಾ?

ಚಿಪ್ಪುಕೆಲಸ: ಅಲ್ಲ, ಅದು ಉಲ್ಟಾ. ಅದು ಸೆಲ್ಯುಲಾಯ್ಡ್ ಎಂಬ ಹಳೇ ಬಗೆಯ ಪ್ಲಾಸ್ಟಿಕ್ ಆಗಿದ್ದರೆ ವರ್ಷ ಕಳೆದಂತೆ ತಾನೇ ಕುಗ್ಗುತ್ತದೆ, ತೇವಾಂಶದಿಂದ ವಾಪಸ್ ಬರಲ್ಲ. ಜಾಸ್ತಿ ಸೊಟ್ಟಗಾಗಿದ್ದರೆ ಬದಲಾಯಿಸಿ. ಅಸಿಟೋನ್ ಹತ್ತಿರ ತರಬೇಡಿ, ಕರಗುತ್ತದೆ. ಬಿಸಿ ಗಾಳಿಯೂ ಬೇಡ, ಸೆಲ್ಯುಲಾಯ್ಡ್ ಸುಲಭವಾಗಿ ಹೊತ್ತಿಕೊಳ್ಳುತ್ತದೆ.

ತಂತಿಪ್ರಿಯ: ಕೆಲವು ವಾರ ಕೇಸ್‌ನಲ್ಲಿಟ್ಟಿದ್ದೆ. ಝೇಂಕಾರ ನಿಂತಿದೆ, ಫ್ರೆಟ್ ತುದಿಗಳು ಒಳಗೆ ಹೋಗಿವೆ. ಮೂಲೆ ಬಹುಪಾಲು ಕೂತಿದೆ, ಆದರೆ ಉಗುರಿನಿಂದ ತಟ್ಟಿದರೆ ಅಲ್ಲಿ ಟೊಳ್ಳು ಸದ್ದು.

ಚಿಪ್ಪುಕೆಲಸ: ಈಗ ಅಂಟಿಸಬಹುದು. ತಂತಿ ಬಿಚ್ಚಿ, ಸುತ್ತ ಮಾಸ್ಕಿಂಗ್ ಟೇಪ್ ಹಾಕಿ. ನೀರಿನಷ್ಟು ತೆಳುವಾದ ಸೂಪರ್ ಗ್ಲೂ ತಗೊಂಡು ಸೂಜಿ ತುದಿಯಿಂದ ಅಂಚಿಗೆ ಒಂದು ಹನಿ ಮುಟ್ಟಿಸಿ, ತಾನೇ ಒಳಗೆ ಎಳೆದುಕೊಳ್ಳುತ್ತದೆ. ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಕಾರ್ಕ್ ಅಂಟಿಸಿದ ಮರದ ತುಂಡು ಇಟ್ಟು ಹಗುರಾಗಿ ಕ್ಲಾಂಪ್ ಮಾಡಿ, ರಾತ್ರಿಯಿಡೀ ಬಿಡಿ. ಬೇಗ ಒಣಗಿಸುವ ಸ್ಪ್ರೇ ಬೇಡ, ಬಿಳಿ ಮಂಜು ಹಿಡಿಯುತ್ತದೆ. ಹೊರಗೆ ಉಳಿದ ಅಂಟನ್ನು ಬ್ಲೇಡ್ ನೆಟ್ಟಗೆ ಹಿಡಿದು ಹೆರೆಯಿರಿ. ಕೂದಲೆಳೆ ಸಂದು ಉಳಿದರೆ ಮರದ ಪುಡಿ ಕಲಸಿದ ಎಪಾಕ್ಸಿ ತುಂಬಬಹುದು, ಆದರೆ ಆ ಮಿಶ್ರಣ ಒಣಗಿದ ಮೇಲೆ ಮರಕ್ಕಿಂತ ಕಪ್ಪಾಗಿ ಕಾಣುತ್ತದೆ. ನನ್ನನ್ನು ಕೇಳಿದರೆ, ಬೆರಳಿಗೆ ಸಿಗದಿದ್ದರೆ ಸುಮ್ನೆ ಬಿಟ್ಟುಬಿಡಿ.