ಅಪ್‌ಡೇಟ್: ಒಣ ಕಲ್ಲಿನಲ್ಲಿ ಹೈಡ್ರೋಜನ್ ಇದೆಯಾ?

ಒಣಗಿದ ಖನಿಜದಲ್ಲೂ ಹೈಡ್ರೋಜನ್ ಇರುತ್ತದಾ ಅಂತ ಕೇಳಿದ್ದೆ. ಜಿಪ್ಸಂ (ಹರಳಿನೊಳಗೇ ನೀರು ಸೇರಿರುವ ಖನಿಜ) ಕಾಯಿಸಿ ನೋಡಿ ಅಂದವರಿಗೆ ತುಂಬಾ ಥ್ಯಾಂಕ್ಸ್. ಕಾಲೇಜಿನ ಲ್ಯಾಬ್‌ನಲ್ಲಿ ಮಾಡಿಯೇ ಬಿಟ್ಟೆವು.

ತಿಳಿಯಾಗಿದ್ದ ಚೂರು ಬಿಸಿಯಾಗುತ್ತಿದ್ದಂತೆ ಬೆಳ್ಳಗೆ ಮಬ್ಬಾಯಿತು. ಟೆಸ್ಟ್ ಟ್ಯೂಬಿನ ಬಾಯಿಯ ಹತ್ತಿರ, ಗಾಜು ತಣ್ಣಗಿದ್ದ ಕಡೆ, ನೀರಿನ ಹನಿಗಳು ಕೂತವು. ಎಷ್ಟು ಖುಷಿಯಾಯಿತು ಗೊತ್ತಾ! 100 ಗ್ರಾಂ ಜಿಪ್ಸಂನಲ್ಲಿ ಸುಮಾರು 21 ಗ್ರಾಂ ನೀರೇ. ಅದರಲ್ಲಿ ಹೈಡ್ರೋಜನ್ ಮಾತ್ರ ಬರೀ 2.3 ಗ್ರಾಂ, ಅಷ್ಟು ಹಗುರ ಅದು.

ಕಾಗೆಬಂಗಾರ (ಮೈಕಾ) ಅದೇ ಉರಿಗೆ ಜಗ್ಗಲಿಲ್ಲ. ಅಲ್ಲಿ ಹೈಡ್ರೋಜನ್ ಆಕ್ಸಿಜನ್‌ಗೆ ಅಂಟಿಕೊಂಡು ಹರಳಿನ ಚೌಕಟ್ಟಿನಲ್ಲೇ ಸೇರಿಹೋಗಿದೆ. ಬಿಡಿಸಲು ಇನ್ನೂ ಜಾಸ್ತಿ ಶಾಖ ಬೇಕು.

ಓದುತ್ತಾ ಸಿಕ್ಕಿದ್ದು ರಿಂಗ್‌ವುಡೈಟ್, ಭೂಮಿಯೊಳಗೆ ನೂರಾರು ಕಿಲೋಮೀಟರ್ ಆಳದಲ್ಲಿ ಉಂಟಾಗುವ ಖನಿಜ. ಬ್ರೆಜಿಲ್‌ನ ವಜ್ರವೊಂದರೊಳಗೆ ಅದರ ಕಣ ಸಿಕ್ಕ ಸುದ್ದಿ 2014ರಲ್ಲಿ ಬಂತು. ತೂಕದಲ್ಲಿ ಸುಮಾರು 1.5% ನೀರು, ಅದೂ ಭೂಮಿಯ ಅಷ್ಟು ಆಳದಿಂದ!